375 ಕಿಲೋ ಗಾಳಿಯಲ್ಲಿ ಮೂರು ಕಾಳು

ಮನೆ ಬದಲಾಯಿಸುವಾಗ ಸಾಮಾನಿನ ಪಟ್ಟಿ ಬರೆಯುತ್ತೇವಲ್ಲ, ಅದರಲ್ಲಿ ಯಾರೂ ಗಾಳಿಯನ್ನು ಬರೆಯುವುದಿಲ್ಲ. ಹೈದರಾಬಾದಿನ ಗಚ್ಚಿಬೌಲಿಯಲ್ಲಿ ಒಂದು ಟೂ ಬಿಎಚ್‌ಕೆ ಫ್ಲ್ಯಾಟ್, ಒಳಜಾಗ 1,200 ಚದರಡಿ, ಚಾವಣಿ ಹತ್ತಡಿ ಎತ್ತರ ಎಂದಿಟ್ಟುಕೊಳ್ಳಿ. 12,000 ಘನ ಅಡಿ, ಸರಿಸುಮಾರು 340 ಘನ ಮೀಟರ್ ಆಯಿತು. ಹೈದರಾಬಾದ್ ಸಮುದ್ರಮಟ್ಟದಿಂದ ಐನೂರು ಚಿಲ್ಲರೆ ಮೀಟರ್ ಮೇಲಿರುವುದರಿಂದ ಇಲ್ಲಿನ ಗಾಳಿ ಚೂರು ತೆಳು. ಘನ ಮೀಟರಿಗೆ 1.1 ಕಿಲೋ ಹಿಡಿದರೆ ಸಾಕು. ಗುಣಿಸಿದರೆ ಸುಮಾರು 375 ಕಿಲೋ. ಫ್ರಿಜ್ಜು, ವಾಷಿಂಗ್ ಮಷೀನು, ಸೋಫಾ, ಕಬ್ಬಿಣದ ಬೀರು ನಾಲ್ಕನ್ನೂ ಒಟ್ಟಿಗೆ ತೂಗಿದರೂ ಗಾಳಿಯೇ ಭಾರ. ಪ್ಯಾಕರ್ಸ್ ಅಂಡ್ ಮೂವರ್ಸ್‌ನವರು ಇದಕ್ಕೂ ಬಿಲ್ ಹಾಕದಿರುವುದು ನಮ್ಮ ಪುಣ್ಯ.

ಈ ಗಾಳಿಯಲ್ಲಿ ಒಬ್ಬ ವಯಸ್ಕ ದಿನಕ್ಕೆ ಸುಮಾರು 11 ಘನ ಮೀಟರ್ ಎಳೆದು ಬಿಡುತ್ತಾನೆ. ತೂಕದಲ್ಲಿ 12 ಕಿಲೋ. ಅದೇ ದಿನ ಅವನು ತಿನ್ನುವುದು ಒಂದೂವರೆ ಎರಡು ಕಿಲೋ, ಕುಡಿಯುವುದು ಎರಡು ಮೂರು ಲೀಟರ್. ತಿನ್ನುವುದನ್ನು ಕೇರಿ ಹೆಕ್ಕುತ್ತೇವೆ, ಕುಡಿಯುವುದಕ್ಕೆ ಆರ್‌ಓ ಕೂರಿಸುತ್ತೇವೆ. ಅವೆರಡನ್ನೂ ಕೂಡಿಸಿದರೆ ಬರುವುದಕ್ಕಿಂತ ಎರಡು ಪಟ್ಟು ಹೆಚ್ಚು ಒಳಗೆ ಹೋಗುವ ಮೂರನೆಯದರ ಬಗ್ಗೆ ಮಾತೆತ್ತಿದರೆ ಎಲ್ಲರೂ ಕಿಟಕಿಯಾಚೆ ಬೆರಳು ತೋರಿಸುತ್ತೇವೆ: ಹೊರಗೆ ಟ್ರಾಫಿಕ್ಕು, ಹೊರಗೆ ಬಂಡೆ ಒಡೆಯುವ ಧೂಳು. ಅಮೆರಿಕದಲ್ಲಿ ಜನರ ದಿನಚರಿಯನ್ನು ಗಂಟೆಗಂಟೆಗೆ ಬರೆಸಿ ಲೆಕ್ಕ ಹಾಕಿ 2001ರಲ್ಲಿ ಪ್ರಕಟಿಸಿದರು. ಜನ ನೂರಕ್ಕೆ 87 ಭಾಗ ಸಮಯ ಕಟ್ಟಡದೊಳಗೆ, ಇನ್ನು 6 ಭಾಗ ವಾಹನದೊಳಗೆ ಇದ್ದರು. ಫ್ಲ್ಯಾಟಿನಿಂದ ಲಿಫ್ಟಿಗೆ, ಲಿಫ್ಟಿನಿಂದ ಕ್ಯಾಬಿಗೆ, ಕ್ಯಾಬಿನಿಂದ ಗಾಜಿನ ಆಫೀಸಿಗೆ ಹೋಗುವ ಗಚ್ಚಿಬೌಲಿಯ ಟೆಕ್ಕಿಯ ಲೆಕ್ಕ ಇದಕ್ಕಿಂತ ಬಹಳ ಬೇರೆ ಇರಲಾರದು.

ಹೊರಗಿನ ಗಾಳಿಗೆ ಇಲ್ಲಿ ಅಳತೆಗಾರರ ಬರವಿಲ್ಲ. ಇಲ್ಲಿನ ಐಐಐಟಿ ಸಂಶೋಧಕರು ನಗರದ 4 ಚದರ ಕಿಲೋಮೀಟರಿನೊಳಗೆ ಕಡಿಮೆ ಬೆಲೆಯ 49 ಉಪಕರಣ ನೇತುಹಾಕಿ ಸೂಕ್ಷ್ಮ ಧೂಳನ್ನು ಅಳೆದಿದ್ದಾರೆ. ಸೆಂಟ್ರಲ್ ಯೂನಿವರ್ಸಿಟಿಯಲ್ಲಿ ಸರ್ಕಾರಿ ಮಾಪನ ಕೇಂದ್ರವೇ ಇದೆ. ಆದರೆ 2009ರ ನವೆಂಬರಿನಲ್ಲಿ ಹೊರಟ ರಾಷ್ಟ್ರೀಯ ವಾಯು ಗುಣಮಟ್ಟದ ಅಧಿಸೂಚನೆ ಹೆಸರಿಸುವ 12 ಮಾಲಿನ್ಯಕಾರಕಗಳೂ ಹೊರಗಾಳಿಯವು. ಹೊಸ ಫ್ಲ್ಯಾಟಿನ ಬಾಗಿಲು ತೆಗೆದ ತಕ್ಷಣ ಮೂಗಿಗೆ ಬಡಿಯುವ ವಸ್ತುವಿನ ಹೆಸರು ಆ ಹನ್ನೆರಡರಲ್ಲಿ ಇಲ್ಲ.

ಅದು ಫಾರ್ಮಾಲ್ಡಿಹೈಡ್. ಕಲಬುರಗಿಯಿಂದ ಗೃಹಪ್ರವೇಶಕ್ಕೆ ಬಂದ ಅವ್ವ, ಮಾಡ್ಯುಲರ್ ಕಿಚನ್ನಿನ ಡ್ರಾಯರ್ ಎಳೆದು, ಕಣ್ಣಲ್ಲಿ ನೀರು ತುಂಬಿಕೊಂಡು, "ಹೊಸ ಮನಿ ವಾಸ್ನಿ ಅದ, ಇರ್ಲಿ ಬಿಡಪಾ" ಅನ್ನುತ್ತಾಳಲ್ಲ, ಆ ಘಾಟಿನಲ್ಲಿ ಇದರದೇ ದೊಡ್ಡ ಪಾಲು. ಎಂಡಿಎಫ್, ಪಾರ್ಟಿಕಲ್ ಬೋರ್ಡ್, ಅಗ್ಗದ ಪ್ಲೈವುಡ್ ಇವುಗಳಲ್ಲಿ ಮರದ ಹೊಟ್ಟನ್ನೂ ಪದರಗಳನ್ನೂ ಹಿಡಿದಿಡುವುದು ಹೆಚ್ಚಾಗಿ ಯೂರಿಯಾ ಮತ್ತು ಫಾರ್ಮಾಲ್ಡಿಹೈಡ್ ಬೆರೆಸಿ ಮಾಡಿದ ಅಂಟು. ಗಾಳಿಯ ತೇವ ತಾಗಿದಾಗ ಆ ಅಂಟು ನಿಧಾನಕ್ಕೆ ಬಿಚ್ಚಿಕೊಳ್ಳುತ್ತದೆ, ಫಾರ್ಮಾಲ್ಡಿಹೈಡ್ ಅನಿಲವಾಗಿ ಹೊರಬರುತ್ತದೆ. ಒಂದು ವಾರ ಎರಡು ವಾರ ಅಲ್ಲ, ವರ್ಷಗಟ್ಟಲೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಇದನ್ನು ಕ್ಯಾನ್ಸರ್ ತರುವುದು ಖಚಿತವಾದ ಮೊದಲ ಗುಂಪಿಗೆ ಸೇರಿಸಿದೆ.

ಮನೆಯೊಳಗೆ ಇದು ಎಷ್ಟಿರಬಹುದು? ಅದೇ ಸಂಸ್ಥೆ 2010ರಲ್ಲಿ ಹಾಕಿದ ಗೆರೆ: ಯಾವ ಅರ್ಧ ಗಂಟೆಯ ಸರಾಸರಿಯೂ ಘನ ಮೀಟರಿಗೆ 0.1 ಮಿಲಿಗ್ರಾಂ ದಾಟಬಾರದು. ನಮ್ಮ 340 ಘನ ಮೀಟರಿಗೆ ಗುಣಿಸಿ. 34 ಮಿಲಿಗ್ರಾಂ. ಸೋನಾ ಮಸೂರಿಯ ಒಂದು ಕಾಳು ಹತ್ತು ಹನ್ನೆರಡು ಮಿಲಿಗ್ರಾಂ ತೂಗುತ್ತದೆ. ಅಂದರೆ 375 ಕಿಲೋ ಗಾಳಿಯಲ್ಲಿ ಮೂರು ಅಕ್ಕಿಕಾಳಿನ ತೂಕದಷ್ಟು ಫಾರ್ಮಾಲ್ಡಿಹೈಡ್ ಇದ್ದರೆ ಗೆರೆ ಮುಟ್ಟಿತು. ನಾಲ್ಕನೇ ಕಾಳಿಗೆ ಮನೆ ಗೆರೆ ದಾಟಿತು.

ಮೂರು ಕಾಳು ಅಂದರೆ ಬಾಯಲ್ಲಿ ಹಾಕಿಕೊಂಡದ್ದೂ ಗೊತ್ತಾಗದು. ಅದನ್ನೇ ಅಣುಗಳಲ್ಲಿ ಎಣಿಸಿದರೆ ತಲೆ ತಿರುಗುತ್ತದೆ. ಆ 34 ಮಿಲಿಗ್ರಾಮನ್ನು ಭೂಮಿಯ ಮೇಲಿರುವ 800 ಕೋಟಿ ಜನಕ್ಕೆ ಸಮನಾಗಿ ಹಂಚಿದರೆ ತಲೆಗೆ 8,500 ಕೋಟಿ ಅಣು ಬರುತ್ತವೆ. ಹಂಚದೆ ಮನೆಯಲ್ಲೇ ಇಟ್ಟರೆ ಒಂದೊಂದು ಘನ ಸೆಂಟಿಮೀಟರಿನಲ್ಲಿ 2 ಲಕ್ಷ ಕೋಟಿ. ಒಂದು ಉಸಿರಿಗೆ ಅರ್ಧ ಲೀಟರ್ ಅಂದುಕೊಂಡರೆ ಸಾವಿರ ಲಕ್ಷ ಕೋಟಿ ಅಣು ಒಳಗೆ ಹೋದವು, ಅದೂ ವಿಶ್ವ ಆರೋಗ್ಯ ಸಂಸ್ಥೆಯ ಗೆರೆ ದಾಟದ ಮನೆಯಲ್ಲಿ. ಒಳಗಾಳಿಯ ಲೆಕ್ಕ ಹಿಡಿದವರಿಗೆಲ್ಲ ಎದುರಾಗುವ ವಿಚಿತ್ರ ಇದು: ತೂಕದಲ್ಲಿ ನೋಡಿದರೆ ನಗು ಬರುತ್ತದೆ, ಎಣಿಕೆಯಲ್ಲಿ ನೋಡಿದರೆ ನಗು ನಿಲ್ಲುತ್ತದೆ.

ಇಂಟೀರಿಯರ್ ಅಂಗಡಿಯಲ್ಲಿ ಕೇಳಿ ನೋಡಿ, "ನಮ್ಮದು ಇ-ಒನ್ ಬೋರ್ಡು ಸರ್, ಏನೂ ಆಗಲ್ಲ" ಎನ್ನುತ್ತಾರೆ. ಇ-ಒನ್ ಯುರೋಪಿನ ದರ್ಜೆ. ಅದರ ಪರೀಕ್ಷೆ ಹೀಗೆ: ಮುಚ್ಚಿದ ಪೆಟ್ಟಿಗೆಯಲ್ಲಿ ಒಂದು ಘನ ಮೀಟರ್ ಗಾಳಿಗೆ ಒಂದು ಚದರ ಮೀಟರ್ ಹಲಗೆ, ಉಷ್ಣತೆ 23 ಡಿಗ್ರಿ, ತೇವ ನೂರಕ್ಕೆ 45, ಗಂಟೆಗೊಮ್ಮೆ ಗಾಳಿ ಪೂರ್ತಿ ಬದಲು. ಆಗ ಘನ ಮೀಟರಿಗೆ 0.124 ಮಿಲಿಗ್ರಾಂ ಮೀರದಿದ್ದರೆ ಹಲಗೆ ಪಾಸು. ಒಂದನೆಯದಾಗಿ, ಪಾಸಾಗುವ ಅಂಕಿಯೇ ವಿಶ್ವ ಆರೋಗ್ಯ ಸಂಸ್ಥೆಯ ಗೆರೆಗಿಂತ ಮೇಲಿದೆ. ಎರಡನೆಯದಾಗಿ, ಏಪ್ರಿಲಿನ ಹೈದರಾಬಾದಿಗೂ 23 ಡಿಗ್ರಿಗೂ ಏನು ಸಂಬಂಧ? ಬಿಸಿ ಮತ್ತು ತೇವ ಏರಿದಂತೆ ಹಲಗೆ ಬಿಡುವ ಅನಿಲವೂ ಏರುತ್ತದೆ. ಮೂರನೆಯದು ಇನ್ನೂ ದೊಡ್ಡದು: ಎಸಿ ಹಾಕಿ ಬಾಗಿಲು ಬಡಿದುಕೊಂಡ ಕೋಣೆಯಲ್ಲಿ ಗಂಟೆಗೊಮ್ಮೆ ಗಾಳಿ ಬದಲಾಗುವುದು ಕನಸಿನ ಮಾತು. ಮೇಲೆ ಲ್ಯಾಮಿನೇಟ್ ಹಚ್ಚಿದ್ದರೆ ಒಸರುವುದು ಕಡಿಮೆಯಾಗುತ್ತದೆ, ನಿಜ. ಆದರೆ ಬೀರುವಿನ ಹಿಂಬದಿ, ಕತ್ತರಿಸಿದ ಅಂಚು, ಹಿಂಜ್ ಕೂರಿಸಲು ಕೊರೆದ ತೂತು ಇವನ್ನು ಯಾವ ಕಾರ್ಪೆಂಟರೂ ಮುಚ್ಚುವ ಗೋಜಿಗೆ ಹೋಗುವುದಿಲ್ಲ. ಕಣ್ಣಿಗೆ ಕಾಣದ ಜಾಗಕ್ಕೆ ಕೂಲಿ ಯಾರು ಕೊಡುತ್ತಾರೆ?

ಗೃಹಪ್ರವೇಶದ ದಿನವನ್ನೇ ತೆಗೆದುಕೊಳ್ಳೋಣ. ಪಾಲಿಶ್ ಇನ್ನೂ ಪೂರ್ತಿ ಆರಿಲ್ಲ. ಹಾಲಿನ ನಡುವೆ ಇಟ್ಟಿಗೆ ಜೋಡಿಸಿ ಹೋಮ, ತುಪ್ಪ, ಸಮಿತ್ತು. ಪುರೋಹಿತರು ಬರುವ ಮುಂಚೆಯೇ ಯಾರೋ ಚಾವಣಿಯ ಸ್ಮೋಕ್ ಡಿಟೆಕ್ಟರಿಗೆ ಪ್ಲಾಸ್ಟಿಕ್ ಚೀಲ ಕಟ್ಟಿದ್ದಾರೆ. ನಲವತ್ತು ಜನ ನೆಂಟರು. ಒಬ್ಬೊಬ್ಬರು ಗಂಟೆಗೆ ಸುಮಾರು 18 ಲೀಟರ್ ಇಂಗಾಲದ ಡೈಆಕ್ಸೈಡ್ ಬಿಡುತ್ತಾರೆ; ನಲವತ್ತಕ್ಕೆ 720 ಲೀಟರ್. ಇದಲ್ಲದೆ ಮೈಸೂರಿನಿಂದ ತಂದ ಊದುಬತ್ತಿ. ಭೌಗೋಳಿಕ ಮಾನ್ಯತೆ ಪಡೆದ ನಮ್ಮದೇ ಸರಕು, ಅದರ ಮೇಲೆ ನನಗೂ ಮಮಕಾರವಿದೆ. ಆದರೆ ಲೆಕ್ಕ ಲೆಕ್ಕವೇ: ಒಂದು ಗ್ರಾಂ ಸಿಗರೇಟು ಸುಟ್ಟರೆ ಸುಮಾರು 10 ಮಿಲಿಗ್ರಾಂ ಕಣ ಹೊರಬೀಳುತ್ತದೆ, ಒಂದು ಗ್ರಾಂ ಊದುಬತ್ತಿ ಸುಟ್ಟರೆ ಸರಾಸರಿ 45 ಮಿಲಿಗ್ರಾಂ. ನಾಲ್ಕು ಕಾಳು. ಕಿಟಕಿ ಮುಚ್ಚಿ, ಏನೂ ನೆಲಕ್ಕಿಳಿಯದೆ ಇಡೀ ಫ್ಲ್ಯಾಟಿಗೆ ಹರಡಿತು ಅಂದುಕೊಂಡರೆ ಘನ ಮೀಟರಿಗೆ 132 ಮೈಕ್ರೋಗ್ರಾಂ. ಹೊರಗಿನ ಸೂಕ್ಷ್ಮ ಕಣಗಳಿಗೆ, ಪಿಎಂ 2.5 ಅನ್ನುತ್ತಾರಲ್ಲ ಅದಕ್ಕೆ, ಭಾರತದ ದಿನದ ಮಿತಿ 60. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15. ಆ ಹದಿನೈದನ್ನು ಫ್ಲ್ಯಾಟಿಗೆ ಗುಣಿಸಿದರೆ ಅರ್ಧ ಕಾಳು.

ಸೊಳ್ಳೆ ಬತ್ತಿಯ ಕಥೆ ಇದಕ್ಕಿಂತ ಕಟು. ಚೀನಾ ಮತ್ತು ಮಲೇಷ್ಯಾದ ಬತ್ತಿಗಳನ್ನು ಸುಟ್ಟು ನೋಡಿ 2003ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಒಂದು ಸುರುಳಿ ಪೂರ್ತಿ ಉರಿದರೆ ಬರುವ ಸೂಕ್ಷ್ಮ ಕಣ 75ರಿಂದ 137 ಸಿಗರೇಟಿಗೆ ಸಮ. ಫಾರ್ಮಾಲ್ಡಿಹೈಡು 51 ಸಿಗರೇಟಿನವರೆಗೂ. ಮನೆಯಲ್ಲಿ ಯಾರಾದರೂ ಸಿಗರೇಟು ಹಚ್ಚಿದರೆ ಬಾಲ್ಕನಿಗೆ ಅಟ್ಟುವ ನಾವು ಮಗುವಿನ ಮಂಚದಡಿ ಸುರುಳಿ ಹಚ್ಚಿಟ್ಟು ನೆಮ್ಮದಿಯಿಂದ ಮಲಗುತ್ತೇವೆ.

ಅಡುಗೆಮನೆಗೆ ಬರೋಣ. ಸಿಲಿಂಡರಿನಲ್ಲಿ ಇರುವುದು 14.2 ಕಿಲೋ ಗ್ಯಾಸು. ಅದು ಮುಗಿಯುವಷ್ಟರಲ್ಲಿ ಏನಾಯಿತು? ಮನೆಯ ಗಾಳಿಯಿಂದ ಸುಮಾರು 51 ಕಿಲೋ ಆಮ್ಲಜನಕ ಎಳೆದುಕೊಂಡು, ಸುಮಾರು 43 ಕಿಲೋ ಇಂಗಾಲದ ಡೈಆಕ್ಸೈಡನ್ನೂ 22 ಕಿಲೋಗೂ ಮಿಕ್ಕ ನೀರಾವಿಯನ್ನೂ ಬಿಟ್ಟಿತು. 14 ಕಿಲೋ ಹೋಗಿ 65 ಕಿಲೋ ಆಗಿದೆ, ನಾವು ಮಾತ್ರ ಸಿಲಿಂಡರ್ ಖಾಲಿಯಾಯಿತು ಅನ್ನುತ್ತೇವೆ. ಒಂದು ಕೊಡಕ್ಕೂ ಹೆಚ್ಚು ನೀರು ಆವಿಯಾಗಿ ಆ ಅಡುಗೆಮನೆಯ ಗೋಡೆ, ಕಪಾಟು, ಪ್ಲೈವುಡ್ಡಿನ ಮೇಲೆ ಹಾಯ್ದುಹೋಗಿದೆ. ಅಂಟನ್ನು ಬಿಚ್ಚುವುದು ಇದೇ ತೇವ. ಜ್ವಾಲೆಯ ಬಿಸಿಗೆ ಗಾಳಿಯಲ್ಲಿ ಸುಮ್ಮನಿದ್ದ ಸಾರಜನಕವೂ ಆಮ್ಲಜನಕದ ಜೊತೆ ಸೇರಿ ನೈಟ್ರೋಜನ್ ಡೈಆಕ್ಸೈಡ್ ಆಗುತ್ತದೆ, ಅದು ಬೇರೆ.

ಇನ್ನು ಒಗ್ಗರಣೆ. ಸ್ಕಾಟ್ಲೆಂಡಿನ ಅಬರ್ಡೀನಿನಲ್ಲಿ ಗ್ಯಾಸ್ ಒಲೆಯ ಮೇಲೆ ಹಂದಿಮಾಂಸ ಹುರಿದು ಎಣಿಸಿದಾಗ ಘನ ಸೆಂಟಿಮೀಟರಿಗೆ 5.9 ಲಕ್ಷ ಕಣಗಳವರೆಗೆ ಏರಿತ್ತು. ಇದು ಪ್ರಕಟವಾದದ್ದು 2001ರಲ್ಲಿ. ನಮ್ಮ ಎಂಟು-ಹತ್ತಡಿಯ ಅಡುಗೆಮನೆಗೆ ಅದೇ ಅಂಕಿ ಹಾಕಿದರೆ ಸುಮಾರು 13 ಲಕ್ಷ ಕೋಟಿ ಕಣ. ಒಂದೊಂದೂ ಒಂದು ಮೀಟರಿನ ಎರಡು ಕೋಟಿಯಲ್ಲೊಂದು ಭಾಗದಷ್ಟು ಅಗಲ ಎಂದಿಟ್ಟುಕೊಳ್ಳಿ. ಅಷ್ಟೂ ಸೇರಿಸಿ ತೂಗಿದರೆ ಒಂದು ಮಿಲಿಗ್ರಾಮಿಗೂ ಕಡಿಮೆ, ಒಂದು ಅಕ್ಕಿಕಾಳಿನ ಹತ್ತನೇ ಒಂದು ಭಾಗವೂ ಆಗುವುದಿಲ್ಲ. ಮನುಷ್ಯನ ಶ್ವಾಸಕೋಶದಲ್ಲಿ ಗಾಳಿಯ ಚೀಲಗಳು ಸರಾಸರಿ 48 ಕೋಟಿ. ಆ ಒಲೆಯ ಮುಂದೆ ನಿಂತು ಎರಡು ಸಲ ಉಸಿರೆಳೆದರೆ ಒಳಹೋಗುವ ಕಣ 59 ಕೋಟಿ. ಎಲ್ಲವೂ ಒಳಗೇ ಉಳಿಯುವುದಿಲ್ಲ, ಒಂದಿಷ್ಟು ಹೊರಬರುತ್ತವೆ. ಆದರೂ ಮೆಣಸಿನಕಾಯಿ ಒಗ್ಗರಣೆಗೆ ಪಕ್ಕದ ಕೋಣೆಯಲ್ಲಿದ್ದವರು ಕೆಮ್ಮುವುದು ಸುಮ್ಮನೆ ಅಲ್ಲ.

2018ರ ಜೂನಿನಲ್ಲಿ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ ಆಸ್ಟಿನ್ ಕ್ಯಾಂಪಸ್ಸಿನ ಪ್ರಯೋಗದ ಮನೆಯೊಂದನ್ನು ವಿಜ್ಞಾನಿಗಳು ಉಪಕರಣಗಳಿಂದ ತುಂಬಿಸಿದರು. ಮರೀನಾ ವ್ಯಾನ್ಸ್, ಡೆಲ್ಫೀನ್ ಫಾರ್ಮರ್ ಎಂಬಿಬ್ಬರು ಮುಂದಾಳುಗಳು. ಮಾಡಿದ ಕೆಲಸ ಇಷ್ಟೇ: ಅಡುಗೆ ಮಾಡುವುದು, ನೆಲ ಒರೆಸುವುದು. ಹಬ್ಬದ ದೊಡ್ಡ ಊಟ ಬೇಯಿಸಿದ ದಿನ ಸೂಕ್ಷ್ಮ ಕಣ ಘನ ಮೀಟರಿಗೆ 200 ಮೈಕ್ರೋಗ್ರಾಂ ದಾಟಿ ಒಂದು ಗಂಟೆಗೂ ಮೇಲೆ ಅಲ್ಲೇ ನಿಂತಿತು. ಆಮೇಲೆ ಬ್ಲೀಚ್ ಹಾಕಿ ನೆಲ ಒರೆಸಿದಾಗ, ಮನೆಯಲ್ಲಿದ್ದ ಅಮೋನಿಯಾದ ಜೊತೆ ಅದು ಸೇರಿ ಕ್ಲೋರಮೈನುಗಳು ಹುಟ್ಟಿದವು. ಬಾಟಲಿಯ ಮೇಲೆ ಬರೆದಿರದ, ಯಾರೂ ತಂದಿಡದ ವಸ್ತು, ಆ ಮನೆಯೊಳಗೇ ತಯಾರಾಯಿತು. ನಮ್ಮಲ್ಲಿ ಇದರ ಅಪಾಯದ ರೂಪ ಬಚ್ಚಲುಮನೆಯಲ್ಲಿದೆ: ಟಾಯ್ಲೆಟ್ ಕ್ಲೀನರಿನ ಆಮ್ಲಕ್ಕೆ ಬ್ಲೀಚಿಂಗ್ ಪೌಡರ್ ಬೆರೆತರೆ ಕ್ಲೋರಿನ್ ಅನಿಲ ಏಳುತ್ತದೆ. ಎರಡನ್ನೂ ಒಟ್ಟಿಗೆ ಸುರಿದು ಬಾಗಿಲು ಹಾಕಿಕೊಳ್ಳುವವರಿದ್ದಾರೆ, ದಯವಿಟ್ಟು ಬೇಡ. ನಿಂಬೆ ವಾಸನೆಯ ಫ್ಲೋರ್ ಕ್ಲೀನರಿನ ಲಿಮೊನೀನ್, ಫಿನಾಯಿಲಿನ ಪೈನ್ ಎಣ್ಣೆ ಇವೂ ಸುಮ್ಮನೆ ಕೂರುವುದಿಲ್ಲ. ಹೊರಗಿನಿಂದ ನುಸುಳಿದ ಓಝೋನ್ ತಾಗಿದರೆ ಇವೂ ಒಡೆದು ಫಾರ್ಮಾಲ್ಡಿಹೈಡನ್ನೂ ಹೊಸ ಸೂಕ್ಷ್ಮ ಕಣಗಳನ್ನೂ ಹುಟ್ಟಿಸುತ್ತವೆ. ಬೀರುವಿನ ಪ್ಲೈವುಡ್ಡು ಬಿಟ್ಟಿದ್ದು ಸಾಲದು ಎಂಬಂತೆ.

ಈ ಕಾರ್ಖಾನೆಯ ಕಚ್ಚಾವಸ್ತುಗಳಲ್ಲಿ ನಾವೂ ಸೇರಿದ್ದೇವೆ ಎಂಬುದು ನನಗೆ ಎಲ್ಲಕ್ಕಿಂತ ಬೆರಗು ಹುಟ್ಟಿಸಿದ ಸಂಗತಿ. ಮನುಷ್ಯನ ಮೈಯಿಂದ ಗಂಟೆಗೆ 30ರಿಂದ 90 ಮಿಲಿಗ್ರಾಂ ಚರ್ಮದ ಹೊಟ್ಟು ಉದುರುತ್ತದೆ. ವರ್ಷಕ್ಕೆ ಕಾಲು ಕಿಲೋದಿಂದ ಮುಕ್ಕಾಲು ಕಿಲೋ. ಅದಕ್ಕೆ ಅಂಟಿಕೊಂಡು ಸ್ಕ್ವಾಲೀನ್ ಎಂಬ ಜಿಡ್ಡು ಇರುತ್ತದೆ. ಅದರ ಒಂದು ಅಣುವಿನಲ್ಲಿ ಓಝೋನ್ ಕಚ್ಚಬಲ್ಲ ಆರು ಜಾಗಗಳಿವೆ. ಕಚ್ಚಿದಾಗೆಲ್ಲ ಅಸಿಟೋನ್ ಮುಂತಾದ ಚೂರುಗಳು ಗಾಳಿಗೆ ಬೀಳುತ್ತವೆ. ಜರ್ಮನಿಯ ಮೈಂಝ್‌ನ ಮ್ಯಾಕ್ಸ್ ಪ್ಲಾಂಕ್ ರಸಾಯನ ಸಂಸ್ಥೆಯವರು ಡೆನ್ಮಾರ್ಕಿನ ಒಂದು ಕೋಣೆಯಲ್ಲಿ ನಾಲ್ಕು ಜನರನ್ನು ಕೂರಿಸಿ, ಗಾಳಿಗೆ ಓಝೋನ್ ಬಿಟ್ಟು ಅಳೆದು 2022ರಲ್ಲಿ ತಿಳಿಸಿದ್ದು ಇನ್ನೂ ಮುಂದಿನದು: ಆ ಚೂರುಗಳು ಮತ್ತೆ ಓಝೋನಿನ ಜೊತೆ ಸೇರಿ ಹೈಡ್ರಾಕ್ಸಿಲ್ ರ್ಯಾಡಿಕಲ್ ಹುಟ್ಟಿಸುತ್ತವೆ. ಹೊರಗೆ ಬಿಸಿಲಿನ ಬಲದಿಂದ ಹುಟ್ಟಿ, ಒಂದು ಸೆಕೆಂಡೂ ಬದುಕದೆ, ಎದುರಿಗೆ ಸಿಕ್ಕಿದ್ದನ್ನೆಲ್ಲ ಒಡೆಯುವ ಚೂರು ಅದು. ಬಿಸಿಲಿಲ್ಲದ ಕೋಣೆಯಲ್ಲಿ ಕೂತ ಮನುಷ್ಯನ ಸುತ್ತ ಅದು ತಾನಾಗಿ ಏಳುತ್ತದೆ. ಫ್ಲ್ಯಾಟು ಖಾಲಿ ಇದ್ದಾಗಿನ ರಸಾಯನವೇ ಬೇರೆ, ಅವ್ವ ಬಂದು ಸೋಫಾದ ಮೇಲೆ ಕೂತಾಗಿನದೇ ಬೇರೆ.

ಕಲ್ಲಿನ ಮಾತೂ ಬರಬೇಕು, ಗಚ್ಚಿಬೌಲಿ ನಿಂತಿರುವುದೇ ಕಲ್ಲಿನ ಮೇಲೆ. ಸೆಂಟ್ರಲ್ ಯೂನಿವರ್ಸಿಟಿ ಆವರಣದ ಅಣಬೆ ಬಂಡೆ ನೋಡಿದವರಿಗೆ ಗೊತ್ತು. ಇಲ್ಲಿನ ಗ್ರಾನೈಟಿಗೆ ಸುಮಾರು 250 ಕೋಟಿ ವರ್ಷ. ಗ್ರಾನೈಟಿನಲ್ಲಿ ಚೂರು ಯುರೇನಿಯಂ ಇರುವುದು ಸಹಜ. ಅದು ಸವೆಯುತ್ತ ಸವೆಯುತ್ತ ರೇಡಾನ್ ಎಂಬ ಅನಿಲ ಬಿಡುತ್ತದೆ. ಮನೆಯೊಳಗೆ ರೇಡಾನಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಟ್ಟ ಘನ ಮೀಟರಿಗೆ 100 ಬೆಕರೆಲ್, ಅಂದರೆ ಒಂದು ಘನ ಮೀಟರಿನಲ್ಲಿ ಸೆಕೆಂಡಿಗೆ 100 ಪರಮಾಣು ಸಿಡಿಯುವುದು. ನಮ್ಮ ಫ್ಲ್ಯಾಟು ಆ ಮಟ್ಟದಲ್ಲಿದ್ದರೆ ಸೆಕೆಂಡಿಗೆ 34,000. ಹಾಗಾದರೆ ಅಲ್ಲಿ ರೇಡಾನ್ ಎಷ್ಟಿದೆ? ಘನ ಸೆಂಟಿಮೀಟರಿಗೆ 48 ಪರಮಾಣು. ಲಕ್ಷವೂ ಅಲ್ಲ, ಕೋಟಿಯೂ ಅಲ್ಲ, ಬರೀ 48. ಫಾರ್ಮಾಲ್ಡಿಹೈಡಿನ ಗೆರೆ 2 ಲಕ್ಷ ಕೋಟಿಯಲ್ಲಿ, ಇದರದು 48ರಲ್ಲಿ. ಇಡೀ ಮನೆಯ ರೇಡಾನನ್ನು ಬಾಚಿ ತೂಗಿದರೆ ಒಂದು ಗ್ರಾಮಿನ ಲಕ್ಷ ಕೋಟಿ ಪಾಲಿನಲ್ಲಿ ಆರು ಪಾಲು. ಅಕ್ಕಿಕಾಳಿನ ಅಳತೆ ಇಲ್ಲಿ ಕೈಕೊಡುತ್ತದೆ. ನೆಲದಿಂದ ಏಳುವ ರೇಡಾನ್ ಹದಿನಾಲ್ಕನೇ ಮಹಡಿಗೆ ತಲುಪುವುದು ಕಷ್ಟ, ಕೆಳಗಿನ ಕೋಣೆಗಳಲ್ಲೇ ಹೆಚ್ಚು. ಕೆಳಗಿನ ಕೋಣೆಯಲ್ಲಿ ಇರುವವರು ಯಾರು? ವಾಚ್‌ಮನ್ ಕುಟುಂಬ.

ಟವರುಗಳ ಪಕ್ಕದಲ್ಲೇ ತಗಡಿನ ಶೆಡ್ಡುಗಳೂ ಇವೆ. ಹೈದರಾಬಾದಿನ ಕಟ್ಟಡಗಳಿಗೆ ಯಾದಗಿರಿ, ರಾಯಚೂರಿನ ಕಡೆಯಿಂದ ಗುಳೆ ಬಂದವರು ಇಂಥ ಶೆಡ್ಡಿನ ಮುಂದೆ ಮೂರು ಕಲ್ಲಿಟ್ಟು ಒಲೆ ಹೂಡುತ್ತಾರೆ. ಸೌದೆ ಎಲ್ಲಿಂದ ಬರಬೇಕು? ಸೆಂಟ್ರಿಂಗ್ ಬಿಚ್ಚಿದ ಪ್ಲೈವುಡ್ಡಿನ ಚೂರುಗಳೇ ಸೌದೆ. ಮೇಲಿನವರ ಕಪಾಟಿನಲ್ಲಿ ಹಲಗೆಯ ಅಂಟು ವರ್ಷಗಟ್ಟಲೆ ಒಸರಿದರೆ, ಇಲ್ಲಿನ ಹಲಗೆಯ ಅಂಟು ಒಂದು ರೊಟ್ಟಿ ಬೇಯುವಷ್ಟರಲ್ಲಿ ಉರಿದು ಹೋಗುತ್ತದೆ. ಚೆನ್ನೈನ ಕಲ್ಪನಾ ಬಾಲಕೃಷ್ಣನ್ ಮತ್ತವರ ಸಂಗಡಿಗರು ಆಗಿನ ಆಂಧ್ರಪ್ರದೇಶದ ಮೂರು ಜಿಲ್ಲೆಗಳ 420 ಹಳ್ಳಿಮನೆಗಳಲ್ಲಿ ಒಲೆಯ ಕಣಗಳನ್ನು ಅಳೆದು 2004ರಲ್ಲಿ ಪ್ರಕಟಿಸಿದರು. ಗಚ್ಚಿಬೌಲಿ ಸೇರುವ ರಂಗಾರೆಡ್ಡಿ ಆ ಮೂರರಲ್ಲೊಂದು. ಗ್ಯಾಸಿನ ಮನೆಗಳಲ್ಲಿ ದಿನದ ಸರಾಸರಿ ಘನ ಮೀಟರಿಗೆ 73 ಮೈಕ್ರೋಗ್ರಾಂ. ಸೌದೆ, ಬೆರಣಿಯ ಮನೆಗಳಲ್ಲಿ 732ರವರೆಗೆ. ಹತ್ತು ಪಟ್ಟು, ಮತ್ತು ಅದರಲ್ಲಿ ದೊಡ್ಡ ಪಾಲು ಅಡುಗೆ ಮಾಡುವ ಹೆಂಗಸಿನದು. ಹೈದರಾಬಾದಿನ ಹೊರವಲಯದ 28 ಹಳ್ಳಿಗಳ 3,717 ಜನರನ್ನು ನೋಡಿ 2020ರಲ್ಲಿ ಬಂದ ಇನ್ನೊಂದು ಅಧ್ಯಯನ, ಹೊರಗಾಳಿಯ ಸೂಕ್ಷ್ಮ ಕಣ ಹೆಚ್ಚಿದ್ದ ಕಡೆ ಜನರ ಮೂಳೆಯ ಸಾಂದ್ರತೆ ಕಡಿಮೆ ಇದ್ದುದನ್ನು ಕಂಡಿತು. ಶ್ವಾಸಕೋಶ ಅಂದುಕೊಂಡಿದ್ದ ವಿಷಯ ಮೂಳೆಯ ಬಾಗಿಲಿಗೆ ಬಂದು ನಿಂತಿದೆ. ಒಲೆಯ ಹೊಗೆಯಿಂದ ಜಗತ್ತಿನಲ್ಲಿ 2020ರೊಂದರಲ್ಲೇ 32 ಲಕ್ಷ ಸಾವು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಮೇಲಿನ ಫ್ಲ್ಯಾಟಿಗೆ ರಾತ್ರಿ ಹತ್ತಾದರೆ ಬೇರೆ ಲೆಕ್ಕ ಶುರು. ಸ್ಪ್ಲಿಟ್ ಎಸಿ ಹೊರಗಿನ ಗಾಳಿಯನ್ನು ಒಂದು ಹನಿಯೂ ತರುವುದಿಲ್ಲ, ಇದ್ದುದನ್ನೇ ತಣಿಸಿ ತಣಿಸಿ ಕೊಡುತ್ತದೆ. ಎಷ್ಟೋ ಮನೆಗಳಲ್ಲಿ ಇದು ಗೊತ್ತೇ ಇಲ್ಲ. ಹತ್ತು-ಹನ್ನೆರಡಡಿಯ ಕೋಣೆಯಲ್ಲಿ 34 ಘನ ಮೀಟರ್ ಗಾಳಿ. ಗಂಡ, ಹೆಂಡತಿ, ಒಂದು ಮಗು ಮಲಗಿ ಗಂಟೆಗೆ 34 ಲೀಟರಿನಷ್ಟು ಇಂಗಾಲದ ಡೈಆಕ್ಸೈಡ್ ಬಿಟ್ಟರೆ ಹತ್ತು ಲಕ್ಷದಲ್ಲಿ ಸಾವಿರ ಭಾಗ ಏರಿತು. ಹೊರಗಿನ ಗಾಳಿಯಲ್ಲಿರುವುದು 425ರ ಆಸುಪಾಸು. ಸಂದಿಯೇ ಇಲ್ಲದ ಕೋಣೆಯಾದರೆ ಬೆಳಗಿನ ಆರಕ್ಕೆ 8,000 ದಾಟಬೇಕು. ಬಾಗಿಲಡಿಯ ಅರ್ಧ ಇಂಚು ಸಂದಿ ಇರುವುದರಿಂದ ಎರಡು ಮೂರು ಸಾವಿರದಲ್ಲಿ ನಿಲ್ಲುತ್ತದೆ. ಬೆಳಿಗ್ಗೆ ತಲೆ ಭಾರ ಅನ್ನುವುದಕ್ಕೆ ಈ ಮಟ್ಟವೂ ಒಂದು ಕಾರಣವಾಗಬಹುದು. ಅಡುಗೆಮನೆಯ ಗಾಳಿ ಬದಲಿಸುವುದು ಇದಕ್ಕಿಂತ ಸುಲಭ. ಗಂಟೆಗೆ 500 ಘನ ಮೀಟರ್ ಎಳೆಯುವ ಸಾದಾ ಎಕ್ಸಾಸ್ಟ್ ಫ್ಯಾನು ಅಲ್ಲಿನ 23 ಘನ ಮೀಟರಿನಷ್ಟು ಗಾಳಿಯನ್ನು ಮೂರು ನಿಮಿಷದೊಳಗೆ ಹೊರಹಾಕುತ್ತದೆ, ಒಗ್ಗರಣೆ ಆರುವ ಮುಂಚೆ. ಕೊಳವೆಯಿಲ್ಲದ ಚಿಮಣಿ ಹಾಗಲ್ಲ, ಜಿಡ್ಡು ಸೋಸಿದ ಗಾಳಿಯನ್ನು ತಿರುಗಿ ಅಡುಗೆಯವರ ಮುಖಕ್ಕೇ ಬಿಡುತ್ತದೆ. ಅದರ ಕಾರ್ಬನ್ ಫಿಲ್ಟರನ್ನು ಕಾಲಕಾಲಕ್ಕೆ ಬದಲಿಸಬೇಕು, ಬೆಲೆ ಕೇಳಿದ ಮೇಲೆ ಹೆಚ್ಚಿನವರು ಬದಲಿಸುವುದಿಲ್ಲ.